ಹಿರಿಯ ಕೂಟ ಯಾವದು, ಕಿರಿಯ ಕೂಟ ಯಾವದು?

ಕಾಲ್ಚೆಂಡಾಟವನ್ನು ಮೆಚ್ಚುವ ತರುಣರು ನಾಲ್ವರು ಕೂಡಿದಲ್ಲಿ ಒಂದು ವಾದವು ಹುಟ್ಟದೆ ಇರಲಾರದು: ಯಾವ ಕೂಟವು ದೊಡ್ಡದು, ಯಾವದು ಚಿಕ್ಕದು? ರಾಯಚೂರು ನಗರದ ಚಹದ ಅಂಗಡಿಯಲ್ಲಾಗಲಿ, ದೇವದುರ್ಗದ ಬಸ್ಸಿನ ನಿಲ್ದಾಣದಲ್ಲಾಗಲಿ, ಮಾನ್ವಿಯ ವಿದ್ಯಾರ್ಥಿನಿಲಯದಲ್ಲಾಗಲಿ ವಾದದ ಧಾಟಿ ಒಂದೇ. ಒಬ್ಬನು ಮ್ಯಾಂಚೆಸ್ಟರಿನ ಕೆಂಪಂಗಿಯನ್ನು ತೊಟ್ಟಿರುವನು. ಇನ್ನೊಬ್ಬನು ಮ್ಯಾಡ್ರಿಡ್ಡಿನ ಬಿಳಿಯಂಗಿಯನ್ನು ತೊಟ್ಟಿರುವನು. ಒಬ್ಬನು ಗೆದ್ದ ಬಟ್ಟಲುಗಳನ್ನು ಎಣಿಸುವನು. ಇನ್ನೊಬ್ಬನು ಆಟಗಾರನನ್ನು ಕೊಂಡ ಬೆಲೆಯನ್ನು ಹೇಳುವನು. ಮನೆಯ ಹಿರಿಯರು ಇದನ್ನು ಹುಡುಗಾಟವೆಂದು ನಕ್ಕು ಸುಮ್ಮನಾಗುವರು. ಆದರೆ ಇದು ನಕ್ಕು ಬಿಡತಕ್ಕ ವಿಷಯವಲ್ಲ. ಯಾವ ವಸ್ತುವಿನ ಲಕ್ಷಣವನ್ನು ಜನರು ತಪ್ಪಾಗಿ ತಿಳಿದಿರುವರೋ ಆ ವಸ್ತುವನ್ನು ಅವರು ಇಲ್ಲದ ಕಡೆಯಲ್ಲಿ ಹುಡುಕುವರು. ಇದ್ದ ಕಡೆಯಲ್ಲಿ ಕಂಡರೂ ಗುರುತಿಸಲಾರರು.

ಈ ತಪ್ಪು ತಿಳುವಳಿಕೆಯ ಫಲವು ಈ ಜಿಲ್ಲೆಯಲ್ಲಿ ಆಗಲೇ ಕಾಣುತ್ತಲಿರುವದು. ದೇಶದ ಮೇಲ್ದರ್ಜೆಯ ಲೀಗಿನಲ್ಲಿ ರಾಯಚೂರಿನ ಕೂಟವಿಲ್ಲ. ದೇವದುರ್ಗ, ಮಾನ್ವಿಗಳ ಮಾತಂತೂ ಬೇಡ. ಕರ್ನಾಟಕದ ಹೆಸರುಗೊಂಡ ಕೂಟಗಳೆಲ್ಲ ಬೆಂಗಳೂರಿನವು. ಇದರಿಂದ ತರುಣರು ತೆಗೆಯುವ ನಿರ್ಣಯವೇನೆಂದರೆ, ದೊಡ್ಡದೆಲ್ಲವೂ ದೂರದಲ್ಲಿರುವದು, ಹತ್ತಿರವಿರುವದೆಲ್ಲವೂ ಚಿಕ್ಕದು. ಆದಕಾರಣ ಇಲ್ಲಿ ಆಡುವದಕ್ಕಿಂತ ಅಲ್ಲಿಯದನ್ನು ನೋಡುವದೇ ಲೇಸು. 'ಹಿಂದುಳಿದ ಜಿಲ್ಲೆ' ಎಂಬ ಮಾತನ್ನು ಕೇಳಿ ಕೇಳಿ ಬೆಳೆದ ಮಕ್ಕಳು ಆ ಮಾತನ್ನು ಈಗ ತಮ್ಮ ಕಾಲಿಗೂ ಕಟ್ಟಿಕೊಂಡಿರುವರು. ಕಾಲಿಗೆ ಕಟ್ಟಿಕೊಂಡ ಕಲ್ಲಿನೊಡನೆ ಓಡುವವನು ಎಷ್ಟು ದೂರ ಓಡಿಯಾನು? ಹೀಗಿರಲು ಕೂಟದ ಹಿರಿಮೆಯೆಂದರೆ ಏನೆಂಬದನ್ನು ವಿಚಾರಿಸುವದು ವಿನೋದಕ್ಕಾಗಿ ಅಲ್ಲ, ಅವಶ್ಯಕತೆಗಾಗಿ.

ಲಕ್ಷಣವನ್ನು ಹೇಳುವಾಗ ಮೂರು ದೋಷಗಳನ್ನು ಪರಿಹರಿಸಬೇಕೆಂದು ತರ್ಕಶಾಸ್ತ್ರವು ಕಲಿಸುವದು. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸುವು ಹೊರಗುಳಿಯುವದು, ಇದು ಅವ್ಯಾಪ್ತಿ. ಕೊಂಬುಳ್ಳದ್ದೆಲ್ಲ ಗೋವೆಂದರೆ ಎಮ್ಮೆಯೂ ಒಳಗೆ ಬರುವದು, ಇದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಗೋವೆಂದರೆ ಒಂದು ಹಸುವೂ ಸಿಕ್ಕದು, ಇದು ಅಸಂಭವ. ಕೂಟದ ಹಿರಿಮೆಗೆ ಇಂದು ಪ್ರಚಾರದಲ್ಲಿರುವ ಲಕ್ಷಣಗಳು ನಾಲ್ಕು: ಹಣ, ಬಹುಮಾನ, ಅಭಿಮಾನಿಗಳ ಸಂಖ್ಯೆ, ಊರಿನ ಗಾತ್ರ. ಇವುಗಳನ್ನು ಒಂದೊಂದಾಗಿ ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಮೊದಲನೆಯ ಪಕ್ಷದವರು ಹೇಳುವದೇನೆಂದರೆ, ಹಣವುಳ್ಳ ಕೂಟವೇ ದೊಡ್ಡ ಕೂಟ. ಹಣವೆಂದರೆ ಹೆಣವೂ ಬಾಯಿ ಬಿಡುವದೆಂಬ ಗಾದೆಯು ಇವರ ಪರವಾಗಿರುವದು. ಆದರೆ ಹಣದಿಂದ ಬಾಯಿ ಬಿಟ್ಟ ಹೆಣವು ಎದ್ದು ನಡೆಯಲಿಲ್ಲವೆಂಬದನ್ನು ಇವರು ಮರೆತಿರುವರು. ಪಂಜಾಬಿನ ಫಗವಾಡೆಯಲ್ಲಿ ಬಟ್ಟೆಯ ಗಿರಣಿಯ ಆಶ್ರಯದಲ್ಲಿದ್ದ ಜೆ.ಸಿ.ಟಿ. ಕೂಟವು ೧೯೯೬-೯೭ರಲ್ಲಿ ನಡೆದ ಮೊಟ್ಟಮೊದಲಿನ ರಾಷ್ಟ್ರೀಯ ಲೀಗನ್ನು ಗೆದ್ದಿತು. ೨೦೧೧ರಲ್ಲಿ ಗಿರಣಿಯವರು ಸಾಕೆಂದರು, ಕೂಟವು ಮುಚ್ಚಿತು. ಮುಂಬಯಿಯಲ್ಲಿ ಮೋಟಾರು ಕಂಪನಿಯವರು ಸಾಕಿದ ಮಹೀಂದ್ರ ಯುನೈಟೆಡ್ ಕೂಟವು ೨೦೦೫-೦೬ರಲ್ಲಿ ಅದೇ ಲೀಗನ್ನು ಗೆದ್ದಿತು. ೨೦೧೦ರಲ್ಲಿ ಅದೂ ಮುಚ್ಚಿತು. ಒಂದು ಕಚೇರಿಯ ಒಂದು ಠರಾವಿನಿಂದ ಇಲ್ಲದಾಗುವ ವಸ್ತುವನ್ನು ದೊಡ್ಡದೆನ್ನಬಹುದೆ? ಯಜಮಾನನ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಗಿದ್ದುದು ಸಾಲಿನಂತೆಯೇ ಅಳಿಸಿ ಹೋಯಿತು.

ಇದಕ್ಕಿಂತಲೂ ಹತ್ತಿರದ ದೃಷ್ಟಾಂತವು ಹೈದರಾಬಾದಿನದು. ಪುಣೆಯ ಕೂಟವೊಂದು ೨೦೧೯ರಲ್ಲಿ ಮುಚ್ಚಿದಾಗ ಅದರ ಸ್ಥಾನವನ್ನು ಪಡೆದು ಹೈದರಾಬಾದ್ ಎಫ್.ಸಿ. ಎಂಬ ಕೂಟವು ಇಂಡಿಯನ್ ಸೂಪರ್ ಲೀಗಿನಲ್ಲಿ ಹುಟ್ಟಿತು. ಮೂರು ವರ್ಷ ತುಂಬುವದರೊಳಗಾಗಿ, ೨೦೨೨ರ ಮಾರ್ಚ್ ತಿಂಗಳಿನಲ್ಲಿ, ಕೇರಳದ ಕೂಟವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಆ ಲೀಗಿನ ಬಟ್ಟಲನ್ನು ಎತ್ತಿತು. ರಾಯಚೂರಿನಿಂದ ಹೈದರಾಬಾದು ಕೆಲವೇ ಗಂಟೆಗಳ ದಾರಿ. ಇದನ್ನು ನೆರೆಯ ಕೂಟವೆಂದು ಇಲ್ಲಿಯವರು ಅಭಿಮಾನಪಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ೨೦೨೫ರಲ್ಲಿ ಅದರ ಒಡೆತನವು ಕೈ ಬದಲಾಯಿತು, ಹೆಸರು ಬದಲಾಯಿತು, ಕೂಟವು ದಿಲ್ಲಿಗೆ ಹೊರಟುಹೋಯಿತು. ದೇವದುರ್ಗದ, ಮಾನ್ವಿಯ ಕೂಲಿಕಾರರು ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವದು ಈ ಜಿಲ್ಲೆಯ ಹಳೆಯ ಸಂಕಟ. ಅವರು ಹೊಟ್ಟೆಗಿಲ್ಲದೆ ಹೋಗುವರು. ಹೋದವರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಮರಳುವರು. ಪರಸ್ಥಳದಲ್ಲಿಯೂ ಯಾವೂರೆಂದು ಕೇಳಿದರೆ ತಮ್ಮ ಊರಿನ ಹೆಸರನ್ನೇ ಹೇಳುವರು. ಕೋಟಿಗಳಲ್ಲಿ ಆಳಿದ ಈ ಕೂಟವು ಊರಿನ ಹೆಸರನ್ನೂ ಕಳಚಿಟ್ಟು ಹೋಯಿತು. ಎರಡರಲ್ಲಿ ಯಾವದು ಬಡತನ? ಹಣವನ್ನೇ ಹಿರಿಮೆಯ ಲಕ್ಷಣವೆಂದರೆ ಇಂಥ ಎಮ್ಮೆಗಳೆಲ್ಲ ಹಸುಗಳ ಹಟ್ಟಿಯೊಳಗೆ ನುಗ್ಗುವವು. ಆದಕಾರಣ ಇದು ಅತಿವ್ಯಾಪ್ತಿಯಿಂದ ದುಷ್ಟವಾದ ಲಕ್ಷಣ.

ಎರಡನೆಯ ಪಕ್ಷದವರು ಬಹುಮಾನಗಳನ್ನು ಮುಂದಿಡುವರು. ಗೆದ್ದವನು ದೊಡ್ಡವನಲ್ಲದೆ ಸೋತವನು ದೊಡ್ಡವನೇ ಎಂದು ಇವರ ಪ್ರಶ್ನೆ. ಇಂಗ್ಲಂಡಿನ ನಾಟಿಂಗಂ ಫಾರೆಸ್ಟ್ ಕೂಟವು ತನ್ನ ದೇಶದ ಲೀಗನ್ನು ಗೆದ್ದದ್ದು ೧೯೭೭-೭೮ರಲ್ಲಿ, ಒಂದೇ ಸಲ. ಯುರೋಪ ಖಂಡದ ಚಾಂಪಿಯನ್ನರ ಬಟ್ಟಲನ್ನು ಗೆದ್ದದ್ದು ೧೯೭೯, ೧೯೮೦ರಲ್ಲಿ, ಎರಡು ಸಲ. ಅದೇ ಕೂಟವು ೨೦೦೫ರಲ್ಲಿ ದೇಶದ ಮೂರನೆಯ ದರ್ಜೆಗೆ ಇಳಿಯಿತು. ಬಟ್ಟಲೇ ಅಳತೆಯಾದರೆ ಇದು ೧೯೮೦ರಲ್ಲಿ ಮೇರುವೂ ೨೦೦೫ರಲ್ಲಿ ಅಣುವೂ ಆಗಬೇಕು. ಆದರೆ ನಾಟಿಂಗಮಿನ ಜನರು ಅದನ್ನು ಮೂರನೆಯ ದರ್ಜೆಯಲ್ಲಿಯೂ ಬಿಟ್ಟುಕೊಡಲಿಲ್ಲ. ವರ್ಷಕ್ಕೊಮ್ಮೆ ಹಿಗ್ಗಿ ವರ್ಷಕ್ಕೊಮ್ಮೆ ಕುಗ್ಗುವದು ಅದೃಷ್ಟವಾದೀತೇ ಹೊರತು ಹಿರಿಮೆಯಾಗದು.

ಇನ್ನೊಂದು ಮಾತು. ಎಲ್ಲ ಜಯಗಳೂ ಒಂದೇ ತೂಕದವುಗಳಲ್ಲ. ಕಲಕತ್ತೆಯ ಮೋಹನ ಬಾಗಾನ್ ಕೂಟವು ೧೯೧೧ರ ಜುಲೈ ೨೯ರಂದು ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿ ಈಸ್ಟ್ ಯಾರ್ಕ್‌ಶೈರ್ ಪಡೆಯ ಗೋರರ ತಂಡವನ್ನು ೨-೧ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಮುಂಬಯಿಯ ರೋವರ್ಸ್ ಬಟ್ಟಲು ೧೮೯೧ರಿಂದ ಗೋರರ ಕೈಯಲ್ಲಿಯೇ ಸುತ್ತುತ್ತಿದ್ದುದನ್ನು ೧೯೩೭ರಲ್ಲಿ ಮೊದಲ ಸಲ ಭಾರತೀಯರ ಕೈಗೆ ತಂದದ್ದು ಬೆಂಗಳೂರು ಮುಸ್ಲಿಮ್ಸ್ ಕೂಟ. ಮರುವರ್ಷವೂ ಅದೇ ಗೆದ್ದಿತು. ಈ ಜಯಗಳು ಇಂದಿಗೂ ನೆನಪಿನಲ್ಲಿರುವದು ಬೆಳ್ಳಿಯ ತೂಕದಿಂದಲ್ಲ. ಗೆದ್ದವರು ಯಾರ ಮಕ್ಕಳು, ಯಾರಿಗಾಗಿ ಗೆದ್ದರು ಎಂಬದರಿಂದ. ಆದುದರಿಂದ ಬಹುಮಾನವು ಹಿರಿಮೆಗೆ ಕಾರಣವಲ್ಲ. ಹಿರಿಮೆಯುಳ್ಳ ಕೂಟದ ಕೈಗೆ ಬಂದಾಗ ಬಹುಮಾನಕ್ಕೇ ಹಿರಿಮೆ ಬರುವದು.

ಮೂರನೆಯ ಪಕ್ಷದವರು ಅಭಿಮಾನಿಗಳ ತಲೆಯೆಣಿಕೆ ಮಾಡುವರು. ಲೋಕದ ಮೂಲೆಮೂಲೆಗಳಲ್ಲಿ ಕೋಟಿ ಕೋಟಿ ಜನರು ಪರದೆಯ ಮೇಲೆ ನೋಡುವ ಕೂಟವು ದೊಡ್ಡದಲ್ಲವೆ ಎಂಬರು. ಇಂಥ ಎಣಿಕೆಯನ್ನು ನಂಬಿ ಯುರೋಪದ ಹನ್ನೆರಡು ಕೂಟಗಳ ಒಡೆಯರು ೨೦೨೧ರ ಏಪ್ರಿಲ್ ೧೮ರಂದು ತಮಗೆ ತಾವೇ ದೊಡ್ಡವರೆಂದು ಸಾರಿ, ಉಳಿದವರನ್ನು ಹೊರಗಿಟ್ಟು, ಸೂಪರ್ ಲೀಗ್ ಎಂಬ ಬೇರೆ ಪಂಕ್ತಿಯನ್ನು ಹಾಕಹೊರಟರು. ಆಗ ಬೀದಿಗಿಳಿದವರು ಪರದೆಯ ಮುಂದಿನ ಕೋಟಿ ಜನರಲ್ಲ. ಲಂಡನ್ನು ಮೊದಲಾದ ಊರುಗಳಲ್ಲಿ ತಲೆಮಾರುಗಳಿಂದ ಚೀಟಿ ಕೊಂಡು ಮೆಟ್ಟಿಲಲ್ಲಿ ನಿಂತು ಮಳೆಯಲ್ಲಿ ನೆನೆದ ಜನ ಅವರು. ಎರಡೇ ದಿನಗಳಲ್ಲಿ ಇಂಗ್ಲಂಡಿನ ಆರು ಕೂಟಗಳೂ ಹಿಂದೆ ಸರಿದವು. ಪಂಕ್ತಿಯು ಎಲೆ ಹಾಕುವದರೊಳಗೆ ಚದರಿತು. ನೋಡುವವನು ಬೇರೆ, ಹೊಣೆ ಹೊತ್ತವನು ಬೇರೆ ಎಂಬದು ಆ ಎರಡು ದಿನಗಳಲ್ಲಿ ಸಿದ್ಧವಾಯಿತು.

ಈ ದೂರದ ಅಭಿಮಾನವು ಹತ್ತಿರದ ಕಣ್ಣನ್ನು ಹೇಗೆ ಕಟ್ಟುವದೆಂಬದಕ್ಕೆ ಒಂದು ಪರೀಕ್ಷೆಯುಂಟು. ಸಂತೋಷ ಟ್ರೋಫಿಯನ್ನು ಮೈಸೂರು ರಾಜ್ಯದ ತಂಡವು ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯ರಲ್ಲಿ ಗೆದ್ದಿತ್ತು. ಅದಾದ ಮೇಲೆ ೫೪ ವರ್ಷ ಕಾದು, ೨೦೨೩ರ ಮಾರ್ಚ್ ತಿಂಗಳಿನಲ್ಲಿ ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ ಕರ್ನಾಟಕವು ಅದನ್ನು ಮರಳಿ ತಂದಿತು. ಮ್ಯಾಂಚೆಸ್ಟರಿನ ಹನ್ನೊಂದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ತರುಣರಲ್ಲಿ, ಆ ಹನ್ನೊಂದು ಜನ ಕನ್ನಡನಾಡಿನ ಆಟಗಾರರಲ್ಲಿ ಒಬ್ಬನ ಹೆಸರನ್ನಾದರೂ ಹೇಳಬಲ್ಲವರು ಎಷ್ಟು ಮಂದಿ? ನೆರೆಮನೆಯ ದೀಪಕ್ಕೆ ಎಣ್ಣೆ ಹೊತ್ತು ತನ್ನ ಮನೆಯಲ್ಲಿ ಕತ್ತಲೆಯಲ್ಲಿ ಕುಳಿತವನನ್ನು ಉದಾರಿಯೆಂದು ಯಾರೂ ಕರೆಯರು. ಅಂಗಿಯ ಬೆಲೆಯು ಇಲ್ಲಿಂದ ಅಲ್ಲಿಗೆ ಹೋಗುವದು. ಅಲ್ಲಿಂದ ಇಲ್ಲಿಗೆ ಒಂದು ಚೆಂಡೂ ಬರುವದಿಲ್ಲ.

ನಾಲ್ಕನೆಯ ಪಕ್ಷವು ಎಲ್ಲಕ್ಕಿಂತ ಅಪಾಯಕರವಾದದ್ದು, ಏಕೆಂದರೆ ಇದನ್ನು ಹೇಳುವವರು ತಮ್ಮನ್ನು ತಾವೇ ತುಳಿದುಕೊಳ್ಳುವರು. ದೊಡ್ಡ ಊರಿಗೆ ದೊಡ್ಡ ಕೂಟ, ಚಿಕ್ಕ ಊರಿಗೆ ಚಿಕ್ಕ ಕೂಟ. ರಾಯಚೂರಿಗೆ ಇಷ್ಟೇ, ದೇವದುರ್ಗಕ್ಕೆ ಅದೂ ಇಲ್ಲ ಎಂಬದು ಇವರ ವಾದ. ಇದಕ್ಕೆ ಸ್ಪೇನ ದೇಶದ ಐಬಾರ್ ಎಂಬ ಊರೇ ಸಮಾಧಾನ. ಬಾಸ್ಕ್ ನಾಡಿನ ಬೆಟ್ಟಗಳ ನಡುವಣ ಆ ಪಟ್ಟಣದ ಜನಸಂಖ್ಯೆ ಸುಮಾರು ೨೭,೦೦೦. ದೇವದುರ್ಗವಾಗಲಿ ಮಾನ್ವಿಯಾಗಲಿ ಅದಕ್ಕಿಂತ ಬಹಳ ಚಿಕ್ಕ ಊರಲ್ಲ. ರಾಯಚೂರು ನಗರವಂತೂ ೨೦೧೧ರ ಜನಗಣತಿಯಲ್ಲಿಯೇ ಎರಡು ಲಕ್ಷವನ್ನು ಮೀರಿತ್ತು. ಐಬಾರಿನ ಕೂಟವು ೨೦೧೪ರಲ್ಲಿ ಸ್ಪೇನಿನ ಮೇಲ್ದರ್ಜೆಗೆ ಏರಲು ಅರ್ಹವಾದಾಗ ಒಂದು ವಿಚಿತ್ರವಾದ ಅಡ್ಡಿ ಬಂದಿತು: ಕೂಟಕ್ಕೆ ಸಾಲವಿರಲಿಲ್ಲ, ಆದರೆ ಅದರ ಬಂಡವಾಳವು ಕಾಯದೆಯು ಕೇಳುವಷ್ಟಿರಲಿಲ್ಲ. ಆಗ ಆ ಕೂಟದವರು ಒಬ್ಬ ಸಾಹುಕಾರನ ಬಾಗಿಲಿಗೆ ಹೋಗಲಿಲ್ಲ. ಸಣ್ಣ ಸಣ್ಣ ಷೇರುಗಳನ್ನು ಮಾಡಿ ಜನರ ಮುಂದಿಟ್ಟರು, ಊರವರೂ ಪರದೇಶದವರೂ ಕೊಂಡರು, ಹಣ ಕೂಡಿತು. ೨೦೧೪ರಿಂದ ೨೦೨೧ರ ವರೆಗೆ ಏಳು ವರ್ಷ ಆ ಪುಟ್ಟ ಊರು ಮ್ಯಾಡ್ರಿಡ್ಡು, ಬಾರ್ಸಿಲೋನಗಳನ್ನು ತನ್ನ ಅಂಗಳದಲ್ಲಿ ಎದುರಿಸಿತು. ಅದೇ ನಾಡಿನ ಬಿಲ್ಬಾವೊ ಊರಿನ ಅಥ್ಲೆಟಿಕ್ ಕೂಟವು ಬಾಸ್ಕ್ ನಾಡಿನಲ್ಲಿ ಹುಟ್ಟಿದ ಇಲ್ಲವೆ ಅಲ್ಲಿ ಆಟ ಕಲಿತ ಆಟಗಾರರನ್ನಲ್ಲದೆ ಬೇರೆಯವರನ್ನು ಸೇರಿಸದು. ಹೀಗೆ ಕೈಕಟ್ಟಿಕೊಂಡೂ, ೧೯೨೯ರಲ್ಲಿ ಸ್ಪೇನಿನ ಲೀಗು ಆರಂಭವಾದಂದಿನಿಂದ ಮೇಲ್ದರ್ಜೆಯಿಂದ ಒಮ್ಮೆಯೂ ಇಳಿಯದ ಮೂರು ಕೂಟಗಳಲ್ಲಿ ಅದು ಒಂದು. ಊರಿನ ಗಾತ್ರವು ಕೂಟದ ಗಾತ್ರವನ್ನು ಕಟ್ಟಿಹಾಕುವದೆಂಬ ಮಾತು ಇಲ್ಲಿಗೆ ಬಿದ್ದುಹೋಯಿತು.

ಪೂರ್ವಪಕ್ಷಗಳು ಹೀಗೆ ನಿರಸ್ತವಾದ ಮೇಲೆ ಸಿದ್ಧಾಂತವನ್ನು ಹೇಳಬೇಕು. ಯಾವ ಕೂಟವನ್ನು ಅದರ ಊರಿನಿಂದ ಕೀಳಲು ಸಾಧ್ಯವಿಲ್ಲವೋ, ಯಾವ ಕೂಟವು ತನ್ನ ಆಟಗಾರರನ್ನು ತಾನೇ ಬೆಳೆಸಿ ಲೋಕಕ್ಕೆ ಕೊಡುವದೋ, ಯಾವ ಕೂಟವು ಸ್ಥಾಪಿಸಿದವನು ಹೋದ ಮೇಲೆಯೂ ನಡೆಯುವದೋ ಅದೇ ಹಿರಿಯ ಕೂಟ. ಊರು, ಶಿಷ್ಯರು, ಪರಂಪರೆ ಎಂಬ ಈ ಮೂರೂ ಸೇರಿ ಒಂದೇ ಲಕ್ಷಣ. ಇಂಗ್ಲಂಡಿನ ವಿಂಬಲ್ಡನ್ನಿನಲ್ಲಿ ಇದರ ಪರೀಕ್ಷೆಯಾಯಿತು. ೧೯೮೮ರಲ್ಲಿ ಎಫ್.ಎ. ಬಟ್ಟಲನ್ನು ಗೆದ್ದಿದ್ದ ಅಲ್ಲಿಯ ಕೂಟವನ್ನು ಒಡೆಯರು ೨೦೦೩ರಲ್ಲಿ ದೂರದ ಮಿಲ್ಟನ್ ಕೀನ್ಸಿಗೆ ಸಾಗಿಸಿದರು. ಆ ಸುದ್ದಿ ತಿಳಿದೊಡನೆಯೇ, ೨೦೦೨ರಲ್ಲಿ, ಊರವರು ತಮ್ಮದೇ ಹೊಸ ಕೂಟವನ್ನು ಕಟ್ಟಿ, ಒಂಬತ್ತನೆಯ ದರ್ಜೆಯಿಂದ ಮೊದಲುಮಾಡಿ, ೨೦೧೧ರಲ್ಲಿ ಮತ್ತೆ ದೇಶದ ಮುಖ್ಯ ಲೀಗಿನೊಳಗೆ ಕಾಲಿಟ್ಟರು. ಒಡೆಯನು ಹೊತ್ತುಕೊಂಡು ಹೋದದ್ದು ಹೆಸರಿನ ಹಲಗೆ. ಊರಿನಲ್ಲಿ ಉಳಿದದ್ದು ಕೂಟ.

ಈ ಸಿದ್ಧಾಂತವನ್ನು ಪರದೇಶದಿಂದ ಎರವಲು ತರಬೇಕಾಗಿಲ್ಲ. ಕೂಟವೆಂಬ ಮಾತಿಗೆ ಈ ಜಿಲ್ಲೆಯಲ್ಲಿ ಒಂದು ಹಿರಿದಾದ ಅರ್ಥವು ಹಿಂದಿನಿಂದಲೂ ಉಂಟು; ಅದು ದಾಸಕೂಟ. ವಿಜಯದಾಸರು ಹುಟ್ಟಿದ್ದು ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಗೋಪಾಲದಾಸರಿಂದ ಅಂಕಿತವನ್ನು ಪಡೆದ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿ ಹರಿಕಥಾಮೃತಸಾರವನ್ನು ರಚಿಸಿದರು. ಅವರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ಈ ಊರುಗಳೆಲ್ಲ ಹದಿನೆಂಟನೆಯ ಶತಮಾನದಲ್ಲಿ ಎಷ್ಟು ದೊಡ್ಡವಾಗಿದ್ದವು? ಈ ಕೂಟದ ಖಜಾನೆಯಲ್ಲಿ ಎಷ್ಟು ವರಹಗಳಿದ್ದವು? ಮಧುಕರವೃತ್ತಿಯ ಜೋಳಿಗೆ, ತಂಬೂರಿ, ಗೆಜ್ಜೆ ಇಷ್ಟೇ ಅದರ ಸ್ವತ್ತು. ಆದರೂ ಕನ್ನಡದ ದಾಸಸಾಹಿತ್ಯದ ಚರಿತ್ರೆಯನ್ನು ಬರೆಯುವವನು ಈ ಹಳ್ಳಿಗಳನ್ನು ದಾಟಿಹೋಗಲಾರನು. ಗುರುವು ಶಿಷ್ಯನನ್ನು ಮಾಡಿದನು, ಶಿಷ್ಯನು ತಾನೇ ಗುರುವಾಗಿ ಇನ್ನೊಬ್ಬನನ್ನು ಮಾಡಿದನು. ಹಿರಿಮೆಯ ಗುಟ್ಟು ಇಷ್ಟರಲ್ಲಿಯೇ ಅಡಗಿರುವದು. ಭಕ್ತಿಗೂ ಚೆಂಡಾಟಕ್ಕೂ ಎಲ್ಲಿಯ ಸಂಬಂಧವೆಂದು ಯಾರಾದರೂ ಹುಬ್ಬೇರಿಸಬಹುದು. ಇಲ್ಲಿ ಹೋಲಿಸಿದ್ದು ಭಕ್ತಿಯನ್ನಲ್ಲ, ವಿದ್ಯೆಯು ಉಳಿಯುವ ಕ್ರಮವನ್ನು. ಕಾಲಿನ ವಿದ್ಯೆಗೂ ಕೊರಳಿನ ವಿದ್ಯೆಗೂ ಆ ಕ್ರಮ ಒಂದೇ.

ಕಾಲ್ಚೆಂಡಿನಲ್ಲಿಯೇ ಬೇಕೆಂದರೆ ಹೈದರಾಬಾದಿನ ಹಳೆಯ ಕಥೆಯನ್ನು ನೋಡಬಹುದು. ರಾಯಚೂರು ಜಿಲ್ಲೆಯು ೧೯೫೬ರ ನವೆಂಬರ್ ೧ರ ವರೆಗೆ ಹೈದರಾಬಾದ್ ಸಂಸ್ಥಾನಕ್ಕೂ ಬಳಿಕ ಆ ಹೆಸರಿನ ರಾಜ್ಯಕ್ಕೂ ಸೇರಿದ್ದಿತು. ಆದುದರಿಂದ ಆ ಕಥೆಯಲ್ಲಿ ಈ ಜಿಲ್ಲೆಗೂ ಪಾಲುಂಟು. ಹೈದರಾಬಾದ್ ಸಿಟಿ ಪೋಲೀಸ್ ತಂಡವು ೧೯೫೦ರಿಂದ ೧೯೫೪ರ ವರೆಗೆ ಸತತವಾಗಿ ಐದು ವರ್ಷ ರೋವರ್ಸ್ ಬಟ್ಟಲನ್ನು ಗೆದ್ದಿತು. ೧೯೫೦ರಲ್ಲಿಯೇ ಮೋಹನ ಬಾಗಾನನ್ನು ಸೋಲಿಸಿ ಡ್ಯುರಾಂಡ್ ಬಟ್ಟಲನ್ನೂ ತಂದಿತು. ಈ ತಂಡವನ್ನು ತಿದ್ದಿದವರು ಸಯ್ಯದ್ ಅಬ್ದುಲ್ ರಹೀಮರು. ಇವರು ಸಾಹುಕಾರರಲ್ಲ, ಸೇನಾಪತಿಗಳಲ್ಲ. ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಚೆಂಡನ್ನು ಒಬ್ಬನೇ ಹೊತ್ತು ಓಡದೆ ಕೂಡಲೇ ಜೊತೆಗಾರನಿಗೆ ಕೊಡಬೇಕೆಂಬ ನಿಯಮದ ಪಂದ್ಯಗಳನ್ನೂ, ರೂಢಿಯಿಲ್ಲದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನೂ ಅವರು ಏರ್ಪಡಿಸುತ್ತಿದ್ದರು. ಇದು ಪಾಠ ಹೇಳುವವನ ಬುದ್ಧಿ. ಮಗ್ಗಿಯನ್ನು ಹಿಂದುಮುಂದಾಗಿ ಕೇಳುವಂಥದು. ಅವರ ಕೈಕೆಳಗೆ ಭಾರತವು ೧೯೫೧ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನವನ್ನೂ, ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನೂ, ೧೯೬೨ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು ೨-೧ರಿಂದ ಸೋಲಿಸಿ ಮತ್ತೆ ಚಿನ್ನವನ್ನೂ ಪಡೆಯಿತು.

ಆದರೆ ಈ ಕಥೆಯ ಉತ್ತರಾರ್ಧವನ್ನು ಮುಚ್ಚಿಡಬಾರದು. ರಹೀಮರು ೧೯೬೩ರಲ್ಲಿ ತೀರಿಕೊಂಡರು. ಅಂದಿನಿಂದ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಚಿನ್ನ ದೊರೆತಿಲ್ಲ. ಹೈದರಾಬಾದಿನ ಆ ವೈಭವವೂ ಕ್ರಮೇಣ ಇಳಿಯಿತು. ಚೀಕಲಪರ್ವಿಯಿಂದ ಮೊಸರಕಲ್ಲಿಗೆ, ಮೊಸರಕಲ್ಲಿನಿಂದ ಮಾನ್ವಿಗೆ ನಡೆದ ಹಾಗೆ ದೀಪದಿಂದ ದೀಪವನ್ನು ಹಚ್ಚುವ ಏರ್ಪಾಡು ಅಲ್ಲಿ ಸಾಕಷ್ಟಿರಲಿಲ್ಲ. ಒಬ್ಬ ಮಹಾಪುರುಷನ ಮೇಲೆ ನಿಂತ ಹಿರಿಮೆಯು ಆತನ ಆಯುಷ್ಯದಷ್ಟೇ ಬಾಳುವದು. ಆದುದರಿಂದಲೇ ಲಕ್ಷಣದಲ್ಲಿ ಪರಂಪರೆಯೆಂಬ ಮಾತನ್ನು ಸೇರಿಸಿದ್ದು.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಹಣವಿಲ್ಲದೆ ಚೆಂಡು ಉರುಳುವದೇ, ಬೆಂಗಳೂರಿನ ದೊಡ್ಡ ಕೂಟವು ಹಣದಿಂದಲೇ ಬೆಳೆಯಲಿಲ್ಲವೇ ಎಂಬದು ಒಂದು. ಬೆಂಗಳೂರು ಎಫ್.ಸಿ.ಯು ೨೦೧೩ರಲ್ಲಿ ಉಕ್ಕಿನ ಉದ್ಯಮದವರ ಬಂಡವಾಳದಿಂದ ಹುಟ್ಟಿ, ಹುಟ್ಟಿದ ವರ್ಷವೇ ಐ-ಲೀಗನ್ನು ಗೆದ್ದು, ೨೦೧೬ರಲ್ಲಿ ಎ.ಎಫ್.ಸಿ. ಬಟ್ಟಲಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಕೂಟವಾಯಿತೆಂಬದು ನಿಜ. ಕಂಠೀರವ ಕ್ರೀಡಾಂಗಣದಲ್ಲಿ ನಿಂತು ಹಾಡುವ ಜನರನ್ನು ಅದು ಗಳಿಸಿಕೊಂಡಿತೆಂಬದೂ ನಿಜ. ಹಣವು ಎಣ್ಣೆ, ಬೇಡವೆಂದವರಾರು? ಆದರೆ ಎಣ್ಣೆಯನ್ನೇ ದೀಪವೆಂದು ತಿಳಿಯಬಾರದು. ಆ ಕೂಟದ ನಿಜವಾದ ಪರೀಕ್ಷೆಯು ಎಣ್ಣೆ ಹೊಯ್ಯುವ ಕೈ ಸೋತ ದಿನ ಬರುವದು. ಆ ದಿನ ಊರವರು ಬತ್ತಿಯನ್ನು ಕಾಪಾಡಿದರೆ ಅದು ಹಿರಿಯ ಕೂಟವೇ ಸರಿ.

ಒಳ್ಳೆಯ ಹುಡುಗನು ತಯಾರಾದ ಕೂಡಲೆ ಬೆಂಗಳೂರಿಗೋ ಗೋವೆಗೋ ಹೊರಟುಹೋಗುವನು, ಇಲ್ಲಿ ಬೆಳೆಸಿ ಏನು ಫಲ ಎಂಬದು ಎರಡನೆಯ ಆಕ್ಷೇಪ. ಹೋಗಲಿ, ಹೋಗಲೇಬೇಕು. ಬೆಂಗಳೂರಿನ ಅಹ್ಮದ್ ಖಾನರು ಕಲಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಕೂಟದ ಪಂಚಪಾಂಡವರೆಂದು ಹೆಸರಾದ ಐವರು ಮುಂಚೂಣಿಯವರಲ್ಲಿ ಒಬ್ಬರಾದರು. ಅದರಿಂದ ಬೆಂಗಳೂರು ಚಿಕ್ಕದಾಗಲಿಲ್ಲ. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ನರೂ ಬೆಂಗಳೂರಿನವರೇ. ಪಾಠಶಾಲೆಯ ಹಿರಿಮೆಯನ್ನು ಅದರ ಜಗುಲಿಯ ಮೇಲೆ ಕುಳಿತವರಿಂದ ಅಳೆಯುವ ರೂಢಿಯಿಲ್ಲ. ಅಲ್ಲಿ ಓದಿ ಬೇರೆ ಬೇರೆ ಸಭೆಗಳಲ್ಲಿ ಮನ್ನಣೆ ಪಡೆದವರಿಂದ ಅಳೆಯುವದು. ಮನೆ ಬಿಟ್ಟು ಹೋಗುವ ಮಗನಿಲ್ಲವೆಂದರೆ ಮನೆಯಲ್ಲಿ ಬೆಳೆದ ಮಗನೂ ಇಲ್ಲವೆಂದೇ ಅರ್ಥ.

ಮೂ‌ರನೆಯದು ಬಾಯಿಂದ ಬರುವ ಆಕ್ಷೇಪವಲ್ಲ, ಮನಸ್ಸಿನಲ್ಲಿ ಅಡಗಿರುವಂಥದು: ಕೂಟವು ಊರಿನದಾದರೆ ಯಾರು ಯಾರ ಮಕ್ಕಳು ಒಟ್ಟಿಗೆ ಆಡಬೇಕಾದೀತು ಎಂಬ ಅಂಜಿಕೆ. ಊರೆಂದರೆ ಎಲ್ಲ ಓಣಿಗಳೂ ಎಲ್ಲ ಕೇರಿಗಳೂ ಸೇರಿ ಊರು. ಒಂದು ಓಣಿಯ ಹನ್ನೊಂದು ಜನರ ತಂಡಕ್ಕೆ ಊರಿನ ಹೆಸರಿಟ್ಟರೆ ಅದು ಹೆಸರಿನ ಕಳ್ಳತನ. ಚೆಂಡಿಗೆ ಮೈಲಿಗೆಯಿಲ್ಲ, ಒದ್ದವನ ಕುಲವನ್ನು ಅದು ಕೇಳದು. ಹೆಣ್ಣುಮಕ್ಕಳಿಗೂ ಇದೇ ಮಾತು ಸಲ್ಲುವದು. ಭಾರತದ ಮಹಿಳೆಯರ ತಂಡವು ೨೦೨೫ರಲ್ಲಿ ಥಾಯ್ಲಂಡನ್ನು ಅದರ ನೆಲದಲ್ಲಿಯೇ ೨-೧ರಿಂದ ಸೋಲಿಸಿ ಏಷ್ಯದ ಬಟ್ಟಲಿಗೆ ಅರ್ಹತೆ ಪಡೆದಿರುವಾಗ, ವಿದ್ಯಾವಂತರ ಮನೆಗಳಲ್ಲಿ ಮಗಳನ್ನು ಬಯಲಿಗೆ ಕಳಿಸಲು ಹಿಂದೆಮುಂದೆ ನೋಡುವದು ಶೋಭಿಸದು. ಊರಿನ ಅರ್ಧವನ್ನು ಹೊರಗಿಟ್ಟ ಕೂಟವು ಪೂರ್ಣ ಹಿರಿದಾಗುವದೆಂತು?

ಹಾಗಾದರೆ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಮಾಡತಕ್ಕದ್ದೇನು? ಮೊದಲು ಬಿಡತಕ್ಕದ್ದನ್ನು ಹೇಳಬೇಕು. ಯಾವನೋ ಧನಿಕನ ಹೆಸರಿನಲ್ಲಿ ದೊಡ್ಡ ಮೊತ್ತದ ಬಹುಮಾನವಿಟ್ಟು, ಪರಸ್ಥಳದಿಂದ ಆಟಗಾರರನ್ನು ಬಾಡಿಗೆಗೆ ತರಿಸಿ, ನಾಲ್ಕು ದಿನ ಧ್ವನಿವರ್ಧಕವನ್ನು ಕೂಗಿಸಿ, ಐದನೆಯ ದಿನ ಚಪ್ಪರವನ್ನು ಕಿತ್ತು ಮನೆಗೆ ಹೋಗುವ ಪಂದ್ಯಾವಳಿಗಳನ್ನು ಬಿಡಬೇಕು. ಚಪ್ಪರದ ನೆರಳಿನಲ್ಲಿ ಗಿಡ ಬೆಳೆಯದು. ಆ ಬಹುಮಾನದ ಹಣದಲ್ಲಿ ಶಾಲೆಯ ಮಕ್ಕಳಿಗೆ ಚೆಂಡು, ಬೂಟುಗಳನ್ನು ಕೊಟ್ಟು, ಒಬ್ಬ ಶಿಕ್ಷಕನನ್ನು ವರ್ಷವೆಲ್ಲ ಇಟ್ಟುಕೊಳ್ಳುವದು ಲೇಸು.

ಹಿಡಿಯತಕ್ಕದ್ದು ಮೂರು. ಒಂದು, ಬಯಲು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ನಾಡಿನ ಎರೆಯ ನೆಲವು ಬೇಸಗೆಯಲ್ಲಿ ಬಾಯಿಬಿಡುವದು, ಮಳೆಗಾಲದಲ್ಲಿ ಕಾಲಿಗೆ ಅಂಟುವದು. ಮೇಲೆ ಮರಳುಮಣ್ಣು ಹಾಸಿ, ನೀರು ಹರಿದುಹೋಗುವಂತೆ ಕಾಲುವೆ ತೆಗೆದ ಬಯಲು ಪ್ರತಿಯೊಂದು ಊರಿಗೂ ಒಂದಾದರೂ ಬೇಕು. ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವ ತಿಂಗಳುಗಳಲ್ಲಿ ಬೆಳಗಿನ ಜಾವ ಆಡಿದರಾಯಿತು. ಜಿಲ್ಲೆಯ ಮಹಾತ್ಮಾ ಗಾಂಧಿ ಕ್ರೀಡಾಂಗಣವೊಂದೇ ಎಲ್ಲಕ್ಕೂ ಸಾಲದು. ಶಾಲೆಗಳ ಬಯಲುಗಳನ್ನು ಕಟ್ಟಡಗಳೂ ವಾಹನಗಳೂ ನುಂಗದಂತೆ ಕಾಯುವದು ಪಾಲಕರ ಕೆಲಸ. ಎರಡು, ವಂತಿಗೆ. ನೂರು ಮನೆಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ ೧,೨೦,೦೦೦ ರೂಪಾಯಿ ಆಗುವದು. ಒಬ್ಬನು ಕೊಟ್ಟ ಲಕ್ಷಕ್ಕಿಂತ ನೂರು ಜನ ಕೊಟ್ಟ ಲಕ್ಷವು ಗಟ್ಟಿ, ಏಕೆಂದರೆ ಒಬ್ಬನು ಮುನಿದರೂ ತೊಂಬತ್ತೊಂಬತ್ತು ಜನ ಉಳಿಯುವರು. ಲೆಕ್ಕವನ್ನು ವರ್ಷಕ್ಕೊಮ್ಮೆ ಎಲ್ಲರೆದುರಿಗೆ ಓದಬೇಕು. ಮೂರು, ನಿಯತವಾದ ಪಂದ್ಯ. ರಾಯಚೂರು, ದೇವದುರ್ಗ, ಮಾನ್ವಿಗಳ ತಂಡಗಳು ವರ್ಷವರ್ಷವೂ ಗೊತ್ತಾದ ದಿನಗಳಲ್ಲಿ ಒಬ್ಬರ ಊರಿಗೆ ಒಬ್ಬರು ಹೋಗಿ ಆಡಬೇಕು. ಸೋತರೂ ಆಡಬೇಕು, ನೋಡಲು ಹತ್ತೇ ಜನ ಬಂದರೂ ಆಡಬೇಕು. ಆಡುವದನ್ನು ಬಿಟ್ಟವನು ಎಳೆಯರಿಗೆ ಕಲಿಸುವದನ್ನು ಹಿಡಿಯಬೇಕು. ಹೀಗೆ ಇಪ್ಪತ್ತು ವರ್ಷ ನಡೆದರೆ ತಂದೆ ಆಡಿದ ಕೂಟದಲ್ಲಿ ಮಗನೂ ಮಗಳೂ ಆಡುವರು, ಪರಂಪರೆಯೆಂದರೆ ಇದೇ.

ಹಾಗೆ ನಡೆದ ಮಾನ್ವಿಯ ಕೂಟವು ಒಂದು ಬಟ್ಟಲನ್ನೂ ಗೆಲ್ಲದೆ ಇರಬಹುದು. ಅದರ ಹೆಸರು ಜಿಲ್ಲೆಯ ಗಡಿಯನ್ನು ದಾಟದೆ ಇರಬಹುದು. ಆದರೂ ಹಣ ಮುಗಿದೊಡನೆ ಮುಚ್ಚಿದ ಕೂಟಗಳಿಗಿಂತಲೂ, ಹೆಸರು ಬದಲಿಸಿ ಗುಳೆ ಹೋದ ಕೂಟಗಳಿಗಿಂತಲೂ ಅದು ಹಿರಿದು. ದೂರದ ಅಂಗಿಯನ್ನು ತೊಟ್ಟ ತರುಣನು ಆ ಅಂಗಿಯನ್ನು ಕಳಚಬೇಕಾಗಿಲ್ಲ. ಅದನ್ನು ತೊಟ್ಟುಕೊಂಡೇ ತನ್ನ ಊರಿನ ಬಯಲಿಗೆ ಬರಲಿ. ಯಾವ ಕೂಟ ದೊಡ್ಡದೆಂಬ ಪ್ರಶ್ನೆಗೆ ಉತ್ತರವನ್ನು ಅವನು ಅಲ್ಲಿ ತನ್ನ ಕಾಲಿನಿಂದಲೇ ಬರೆಯಬಹುದು.